ಬ್ಯಾಂಡಿಗೆ ಹೊಸ ಥರದ ಪಿಟೀಲು ಮಾಡಿಸಲು ಯಾವ ಮರ ಒಳ್ಳೆಯದು?

ನಮ್ಮದು ಜನಪದ-ರಾಕ್ ಬ್ಯಾಂಡು, ಡ್ರಮ್ಸ್ ಅಬ್ಬರದಲ್ಲಿ ಪಿಟೀಲು ಕೇಳಿಸಲ್ಲ, ಪಿಟೀಲು ವಿದ್ವಾನ್ ಚೌಡಯ್ಯನವರ ಹಾಗೆ ಏಳು ತಂತಿ ಹಾಕಿ, ಗಿಟಾರಿನ ಹಾಗೆ ಮೆಟ್ಟು (ಫ್ರೆಟ್) ಇರುವ ಹೊಸ ವಾದ್ಯ ಮಾಡಿಸಬೇಕು, ಹಲಸೋ ತೇಗವೋ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಎಂಟು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದು ನಾನು ಬಡಗಿಯ ಅಂಗಡಿ ಮುಂದೆ ಕೂತಿದ್ದೆ.

ನನಗೆ ಬೇಕಿದ್ದದ್ದು ಐದು ತಂತಿ. ಮಾಮೂಲಿ ಪಿಟೀಲಿನ ಕೆಳಗಿನ ಜಿ ತಂತಿ 196 ಹರ್ಟ್ಸ್‌ಗೆ ನಿಂತುಬಿಡುತ್ತದೆ. ನಮ್ಮ ಹಾಡುಗಾರನ ದನಿ ಅದಕ್ಕಿಂತ ಕೆಳಗಿಳಿಯುತ್ತಿತ್ತು. ಹಾಗಾಗಿ ಪಿಟೀಲಿನ ದೊಡ್ಡಣ್ಣ ವಿಯೋಲಾದ ಸಿ ತಂತಿ, ಅಂದರೆ 131 ಹರ್ಟ್ಸ್, ಸೇರಿಸಿದೆ. ಟೊಳ್ಳು ಬಾಡಿ ಸ್ಪೀಕರ್ ಹತ್ತಿರ ಕುಯ್ ಅನ್ನುತ್ತದೆ ಅಂತ ಗಟ್ಟಿ ಹಲಸಿನಲ್ಲಿ ಕೆತ್ತಿಸಿದೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ (ಬ್ರಿಡ್ಜ್) ಕೆಳಗೆ, ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಪಿಕಪ್. ಗಣೇಶನ ಪೆಂಡಾಲಿನಲ್ಲಿ ನೇರ ಸೌಂಡ್ ಮಿಕ್ಸರಿಗೆ ಸಿಕ್ಕಿಸಿದೆ. ಬಂದದ್ದು ಸೊಳ್ಳೆ ದನಿ. ಸಿ ತಂತಿಯಂತೂ ಇದ್ದೂ ಇಲ್ಲದ ಹಾಗೆ.

ನಾನು ಮರವನ್ನು ಬೈದೆ. ತೇಗದಲ್ಲಿ ಇನ್ನೊಂದು ಮಾಡಿಸಿದೆ. ಅದೇ ಸೊಳ್ಳೆ. ಎರಡು ವರ್ಷ, 40,000 ರೂಪಾಯಿ ಹೋಯಿತು. ಒಂದು ದಿನ ಗಿಟಾರ್ ಹುಡುಗ ಸುಮ್ನೆ ತನ್ನ ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಿಸುವ ಪೆಟ್ಟಿಗೆ) ಮೂಲಕ ಸಿಕ್ಕಿಸಿದ. ಅಡಿಯಿಂದ ದನಿ ಎದ್ದು ಬಂತು!

ಇದನ್ನು ಬಿಡಿಸಿಯೇ ಹೇಳುತ್ತೇನೆ, ಹೊಟ್ಟೆ ಉರಿದದ್ದು ಇಲ್ಲೇ. ಪೀಜೋ ಅಂದರೆ ವಿದ್ಯುತ್ತು ಕೂಡಿಡುವ ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ಯಾವುದಕ್ಕೆ ಸಿಕ್ಕಿಸುತ್ತೀರೋ ಅದರ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ವಿದ್ಯುತ್ತಿಗೆ ಅದು ಒಡ್ಡುವ ತಡೆ) ಜೊತೆ ಸೇರಿ ಜರಡಿ ಆಗುತ್ತದೆ. ಮೇಲಿನ ಸ್ವರ ಬಿಡುತ್ತದೆ, ಕೆಳಗಿನದ್ದು ತಡೆಯುತ್ತದೆ. ಪಿಕಪ್ 1 ನ್ಯಾನೋಫ್ಯಾರಡ್, ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೋಓಮ್ ಅಂದುಕೊಳ್ಳಿ. ಸುಮಾರು 16,000 ಹರ್ಟ್ಸ್‌ನಿಂದ ಕೆಳಗೆ ಎಲ್ಲ ಸೊರಗುತ್ತಾ ಹೋಗುತ್ತದೆ. ಅಂದರೆ ಇಡೀ ಪಿಟೀಲೇ! ಗಿಟಾರ್ ಪೆಡಲು ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸು, ಆಗ ಗಡಿ 160ಕ್ಕೆ ಇಳಿಯುತ್ತದೆ. 10 ಮೆಗಾಓಮ್ ಪ್ರೀಆಂಪ್ (ಆಂಪ್ಲಿಫೈಯರಿಗೆ ಮುಂಚೆ ಬರುವ ಪುಟ್ಟ ಸರ್ಕ್ಯೂಟು) ಹಾಕಿದರೆ 16. ಸಿ ತಂತಿ ಪೂರ್ತಿ ಸಿಕ್ಕಿತು. ಆ ಪ್ರೀಆಂಪ್ ಏನು ಮಹಾ? ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ನಾಲ್ಕಾರು ಬಿಡಿಭಾಗ, 9 ವೋಲ್ಟ್ ಬ್ಯಾಟರಿ. ಪಿಕಪ್ ಪಕ್ಕದಲ್ಲೇ ಇರಬೇಕು, ಉದ್ದ ಕೇಬಲ್ ಆದಮೇಲೆ ಅಲ್ಲ.

ಹಾಗಾಗಿ ಮರದ ಪ್ರಶ್ನೆ ಬಿಡಿ. ಗಟ್ಟಿ ಬಾಡಿಗೆ ಚೆನ್ನಾಗಿ ಒಣಗಿದ, ಬಾಗದ ಮರ ಸಾಕು. ಏಳು ತಂತಿಯೂ ಬೇಡ. ಚೌಡಯ್ಯನವರು ಹಾಕಿಕೊಂಡದ್ದು ಮೈಕಿನ ನೆರವಿಲ್ಲದೆ ಸಭೆ ತುಂಬಲಿ ಅಂತ. 1899ರಲ್ಲಿ ಸ್ಟ್ರೋ ಎಂಬಾತ ಪಿಟೀಲಿಗೆ ಲೋಹದ ಕಹಳೆ ಜೋಡಿಸಿದ್ದೂ ದನಿ ಜೋರಾಗಲಿ ಅಂತಲೇ. (ರೊಮೇನಿಯಾದ ಹಳ್ಳಿಗರು ಅದನ್ನು ತಮ್ಮದೇ ಮಾಡಿಕೊಂಡರು, ಕೇಳಿ ನೋಡಿ, ಮಜಾ ಇದೆ.) ನಿಮಗೆ ಆ ಕೆಲಸ ಆಂಪ್ ಮಾಡುತ್ತದೆ, ಅಲ್ವಾ?

ಐದು ತಂತಿಗೆ ನಿಲ್ಲಿ. ಆದರೆ ಹಳೇ ಕುದುರೆಯ ಮೇಲೆ ಐದನೆಯದನ್ನು ತುರುಕಬೇಡಿ. ತಂತಿಗಳ ನಡುವಿನ ಕೋನ ಕಿರಿದಾಗಿ ಕಮಾನು ಎರಡೆರಡಕ್ಕೆ ತಾಗುತ್ತದೆ. ಕುದುರೆಯ ತಲೆಯನ್ನು ಇನ್ನಷ್ಟು ದುಂಡಗೆ ಕೊರೆಸಿ. ಮೆಟ್ಟು ಮಾತ್ರ ಖಂಡಿತ ಬೇಡ. ವೇದಿಕೆ ಮೇಲೆ ನಿಮ್ಮ ದನಿ ನಿಮಗೇ ಕೇಳದಾಗ ಬೆರಳಿಗೆ ಆಸರೆ ಸಿಗುತ್ತದೆ ನಿಜ. ಆದರೆ ಜನಪದದ ಆ ಎಳೆತ ಬೆರಳು ಸ್ವರದಿಂದ ಸ್ವರಕ್ಕೆ ಜಾರುವುದರಲ್ಲೇ ಇರುವುದು, ಮೆಟ್ಟು ಅದಕ್ಕೆ ಅಡ್ಡ.

ನನ್ನ ಹಲಸಿನ ಬಾಡಿ ಇನ್ನೂ ಅಟ್ಟದ ಮೇಲಿದೆ. ಅದರಲ್ಲಿ ಏನೂ ತಪ್ಪಿರಲಿಲ್ಲ. ಬೆಂಗಳೂರಿಗೆ ಬಂದರೆ ಒಯ್ಯಿರಿ, ತಂತಿ ಬಿಗಿಯುವ ಬಿರಡೆ ಮಾತ್ರ ನೀವು ಹಾಕಿಸಿಕೊಳ್ಳಬೇಕು.