ಪಕ್ಕದ ಕಟ್ಟಡದ ನಕ್ಷೆ: ಯಾವಾಗ ಕೇಳಬೇಕು, ಏನನ್ನು ಅಳೆಯಬೇಕು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳುತ್ತವೆ. ನಮ್ಮ ಬೀದಿಯಲ್ಲಿ, ನಮ್ಮ ಊರಿನಲ್ಲಿ ಏಳುವ ಕಟ್ಟಡದ ವಿನ್ಯಾಸದ ಬಗ್ಗೆ ಬಾಯಿ ಹಾಕಲು ನಮಗೆ ಅವಕಾಶ ಇದೆಯೇ? ವಾಸ್ತುಶಿಲ್ಪಿಗಳೂ ನಗರ ಯೋಜಕರೂ ಸೇರಿ ಉತ್ತರ ಬರೆದಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ದಕ್ಷಿಣಕ್ಕಿರುವ ಮೂವತ್ತು–ನಲವತ್ತರ ಸೈಟಿನಲ್ಲಿ ಪಾಯ ತೆಗೆದಿದ್ದಾರೆ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿಯಂತೆ. ನಕ್ಷೆ ತೋರಿಸಿ ಎಂದರೆ ‘ನಿಮಗ್ಯಾಕೆ?’ ಅನ್ನುತ್ತಾರೆ. ನಮ್ಮನ್ನು ಒಂದು ಮಾತು ಕೇಳದೆ ಪಾಲಿಕೆ ಮಂಜೂರು ಮಾಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ಮಾಡಬಹುದು. ಖಾಸಗಿ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಅಕ್ಕಪಕ್ಕದವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ವಲಯ ನಿಯಮಾವಳಿಗೆ ಹೊಂದಿದರೆ ನಕ್ಷೆ ಮಂಜೂರಾಗುತ್ತದೆ. ಇದು ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ. ಆದರೆ ಮಂಜೂರಾದ ನಕ್ಷೆಯನ್ನು ನೋಡುವುದಕ್ಕೆ ದಾರಿ ಇದೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕೆಲಸ ಮುಗಿಯುವವರೆಗೂ ಮಂಜೂರಾದ ನಕ್ಷೆಯನ್ನು ಕಟ್ಟಡದ ಜಾಗದಲ್ಲೇ ಪ್ರದರ್ಶಿಸಬೇಕು ಎಂದು ನಿರ್ದೇಶಿಸಿದೆ. ಒಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದದ್ದೂ ಅದೇ ತೀರ್ಪು. ಮೊದಲು ಇದನ್ನು ಉಲ್ಲೇಖಿಸಿ ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಜೊತೆಯಲ್ಲೇ ಆರ್‌ಟಿಐ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಪಕ್ಕದವರ ಬಗ್ಗೆ ದೂರು, ನಕ್ಷೆಯ ಬೇಡಿಕೆ, ಚರಂಡಿಯ ಅಹವಾಲು ಮೂರನ್ನೂ ಒಂದೇ ಹಾಳೆಗೆ ತುರುಕಿದರೆ ಅಲ್ಲೇ ತಿರಸ್ಕಾರ. ಇನ್ನೊಂದು ಎಡವಟ್ಟು, ಇಡೀ ನಕ್ಷೆಯನ್ನು ಕೇಳುವುದು. ‘ಮೂರನೆಯವರ ಖಾಸಗಿ ಮಾಹಿತಿ’ ಎಂಬ ಉತ್ತರ ಬರುತ್ತದೆ. ಮನೆಯೊಳಗಿನ ಕೋಣೆಗಳ ವಿವರ ನಿಮಗೆ ಬೇಡವೂ ಬೇಡ. ಸೈಟ್ ಪ್ಲಾನ್, ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡದವರೆಗೆ ಬಿಡಬೇಕಾದ ಖಾಲಿ ಜಾಗ) ಅಳತೆ, ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಗೆ ಕತ್ತರಿಸಿದಂತೆ ತೋರಿಸುವ ಚಿತ್ರ) ಮತ್ತು ವಿಸ್ತೀರ್ಣದ ಪಟ್ಟಿ, ಈ ನಾಲ್ಕನ್ನು ಮಾತ್ರ ಕೇಳಿ. ಉಳಿದದ್ದನ್ನು ಮರೆಮಾಡಿ ಕೊಡಲು 10ನೇ ಕಲಂ ಅವಕಾಶ ಕೊಡುತ್ತದೆ ಎಂದೂ ಬರೆಯಿರಿ. ಉತ್ತರಕ್ಕೆ 30 ದಿನ ಗಡುವು. ಪಕ್ಕದವರಿಗೆ ನೋಟಿಸು ಕೊಟ್ಟರೆ 40 ದಿನ.

ಅಷ್ಟರೊಳಗೆ ನೀವೇ ಒಂದು ಲೆಕ್ಕ ಹಾಕಿಕೊಳ್ಳಬಹುದು. ಮೂವತ್ತು–ನಲವತ್ತರ ಸೈಟು ಎಂದರೆ ನಕ್ಷೆಯಲ್ಲಿ 9 ಮೀಟರ್ ಅಗಲ, 12 ಮೀಟರ್ ಉದ್ದ, 108 ಚದರ ಮೀಟರ್. ನಿಮ್ಮ ರಸ್ತೆಯ ಅಗಲಕ್ಕೆ ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಂಕಿ) 1.75 ಎಂದಿದ್ದರೆ ಎಲ್ಲ ಮಹಡಿ ಸೇರಿ ಕಟ್ಟಬಹುದಾದದ್ದು 189 ಚದರ ಮೀಟರ್. ಸೈಟಿನ ಮುಕ್ಕಾಲು ಭಾಗ ಆವರಿಸಿದರೆ ಒಂದು ಮಹಡಿಗೆ 81. ಪಾರ್ಕಿಂಗ್ ಲೆಕ್ಕಕ್ಕೆ ಬಾರದಿದ್ದರೆ ಎರಡು ಮಹಡಿಗೆ 162, ಸರಿ. ಮೂರಾದರೆ 243, ಅಂದರೆ 54 ಚದರ ಮೀಟರ್ ಹೆಚ್ಚು. ಪೂರ್ತಿ ಅಗಲದ ಮೂರು ಮಹಡಿಗೆ ಅಂಥ ಸೈಟಿನಲ್ಲಿ ಮಂಜೂರಾತಿ ಸಿಕ್ಕಿರಲಾರದು. ನಿಮ್ಮ ಊರಿನ ನಿಯಮಾವಳಿಯಲ್ಲಿ ಎಫ್‌ಎಆರ್ ಎಷ್ಟಿದೆ ನೋಡಿ ಇದೇ ಗುಣಾಕಾರ ಮಾಡಿ.

ಸೆಟ್‌ಬ್ಯಾಕ್ ಅಳೆಯುವಾಗ ಬಹಳ ಜನ ತಪ್ಪುವುದು ಇಲ್ಲಿ: ಟೇಪನ್ನು ನೆಲಮಟ್ಟದಲ್ಲಿ, ಕಾಂಪೌಂಡಿನಿಂದ ಪಿಲ್ಲರಿನವರೆಗೆ ಹಿಡಿಯುತ್ತಾರೆ. ಅಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಮೊದಲ ಮಹಡಿಯ ಸ್ಲ್ಯಾಬು ಪಿಲ್ಲರಿನಿಂದ ಎರಡು–ಮೂರು ಅಡಿ ಆಚೆ ಚಾಚಿಕೊಂಡು, ಬಾಲ್ಕನಿ ಎಂದು ಶುರುವಾಗಿ, ಆರು ತಿಂಗಳಲ್ಲಿ ಇಟ್ಟಿಗೆ ಗೋಡೆಯ ಕೋಣೆಯಾಗಿರುತ್ತದೆ. ಚಾಚಿದ ಅಂಚಿನ ನೇರಕ್ಕೆ ತೂಗುಗುಂಡು ಇಳಿಬಿಟ್ಟು, ಗುಂಡು ನಿಂತ ಜಾಗದಿಂದ ಗಡಿಯವರೆಗೆ ಅಳೆಯಬೇಕು. ಟೇಪಿನ ಅಂಕಿ ಕಾಣುವಂತೆ ಒಂದು ಫೋಟೋ, ಇಡೀ ಪಕ್ಕ ಕಾಣುವಂತೆ ಇನ್ನೊಂದು.

ದೂರು ಕೊಡುವ ಸಮಯ ಪಾಯ ಅಥವಾ ಪ್ಲಿಂತ್ ಹಂತ. ಮೊದಲ ಮೋಲ್ಡ್ ಬಿದ್ದ ಮೇಲೆ ಪ್ರತಿ ಮಹಡಿಗೂ ಸರಿಪಡಿಸುವ ಖರ್ಚು ಏರುತ್ತದೆ, ಅಧಿಕಾರಿಯ ಕೈ ಹಿಂಜರಿಯುತ್ತದೆ. 1976ರ ಪೌರನಿಗಮಗಳ ಕಾಯ್ದೆಯ 321ನೇ ಕಲಮಿನಡಿ, ನಿಯಮ ಮೀರಿದ ಭಾಗವನ್ನು ಕೆಡವಲು ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳುವ ನೋಟಿಸು, ಆಮೇಲೆ ದೃಢೀಕರಣ ಆದೇಶ. ಅದರ ಮೇಲೆ ಮಾಲೀಕರು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಮೂರನೇ ಮಹಡಿಯ ಹೊತ್ತಿಗೆ ದೂರು ಕೊಟ್ಟರೆ ಈ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಗೃಹಪ್ರವೇಶ ಆಗಿರುತ್ತದೆ. (ಬೆಂಗಳೂರಿಗೆ 2025ರ ಮೇ ತಿಂಗಳಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ. ಅಲ್ಲಿನ ಓದುಗರು 1976ರ ಕಲಂ ಉಲ್ಲೇಖಿಸಬೇಡಿ.)

ನಿಮ್ಮ ನಿಜವಾದ ಚಿಂತೆ ಬಿಸಿಲಿನದ್ದು ಎಂದು ಕಾಣುತ್ತದೆ. ದಾವಣಗೆರೆಯಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಸೂರ್ಯ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ 12 ಮೀಟರಿನ ಕಟ್ಟಡವಿದ್ದರೆ ನೆರಳು 9 ಮೀಟರಿಗೂ ಹೆಚ್ಚು ಉತ್ತರಕ್ಕೆ ಚಾಚುತ್ತದೆ. ಮಾರ್ಚ್ ಮೂರನೇ ವಾರದಲ್ಲಿ 3 ಮೀಟರ್. ಜೂನಿನಲ್ಲಿ ನೆರಳು ನಿಮ್ಮ ಕಡೆ ಬೀಳುವುದೇ ಇಲ್ಲ, ಅವರ ದಕ್ಷಿಣಕ್ಕೇ ಬೀಳುತ್ತದೆ. ಆದರೆ ಪಾಲಿಕೆಯ ಮುಂದೆ ನೆರಳಿನ ವಾದ ನಿಲ್ಲುವುದಿಲ್ಲ, ಸೆಟ್‌ಬ್ಯಾಕಿನ ವಾದ ನಿಲ್ಲುತ್ತದೆ. ಕಿಟಕಿಯಿಂದ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯ ಹಕ್ಕು ಕೇಳಬಹುದು. ಅದು ಸಿವಿಲ್ ಕೋರ್ಟಿನ ದಾರಿ.

ಪ್ರಶ್ನೆ: ನಮ್ಮ ಊರಿನಲ್ಲಿ ಹಳೆಯ ಸಂತೆಕಟ್ಟೆಯ ಜಾಗದಲ್ಲಿ ಕಟ್ಟುವ ವಾಣಿಜ್ಯ ಸಂಕೀರ್ಣದ ವಿನ್ಯಾಸವನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿದ್ದಾರೆ. ಬಣ್ಣದ ಚಿತ್ರಗಳು ಬಹಳ ಚೆನ್ನಾಗಿವೆ. ನಮ್ಮಂಥವರು ಏನು ನೋಡಬೇಕು, ಏನು ಕೇಳಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಆ ಚಿತ್ರದ ಮುಂದೆ ನಿಂತು ಮೊದಲು ನೋಡಬೇಕಾದದ್ದು, ಯಾವ ಎತ್ತರದಿಂದ ನೋಡಿದಂತೆ ಬರೆದಿದ್ದಾರೆ ಎಂಬುದನ್ನು. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. ಚಿತ್ರದಲ್ಲಿ ಚಾವಣಿ ಕಾಣುತ್ತಿದ್ದರೆ ಅದು ಹದ್ದಿನ ನೋಟ, ನಿಮ್ಮದಲ್ಲ. ಎದುರಿನ ಅಂಗಡಿ ಸಾಲನ್ನು ಅಳಿಸಿ ದೂರ ನಿಂತು ನೋಡಿದಂತೆ ಬರೆದಿದ್ದರೆ 9 ಮೀಟರಿನ ರಸ್ತೆ ಮೈದಾನದಂತೆ ಕಾಣುತ್ತದೆ. ಹದಿನೈದು ವರ್ಷ ಬೆಳೆದ ಮರಗಳು ಉದ್ಘಾಟನೆಯ ದಿನವೇ ನಿಂತಿರುತ್ತವೆ. ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್, ಜನರೇಟರ್, ಕಸದ ಗಾಡಿ, ನಿಲ್ಲಿಸಿದ ನೂರು ಸ್ಕೂಟರು ಒಂದೂ ಇರುವುದಿಲ್ಲ. ಇವೆಲ್ಲ ಕಟ್ಟಡ ಮುಗಿದ ಮೇಲೆ ಎಲ್ಲಿಗೆ ಬರುತ್ತವೆ? ಫುಟ್‌ಪಾತಿನ ಕಡೆಗೆ, ಮುಖ್ಯ ಬಾಗಿಲಿನ ಪಕ್ಕಕ್ಕೆ. ಬೇರೆ ಕಡೆ ಜಾಗ ಬಿಟ್ಟಿರುವುದಿಲ್ಲ.

ಆದ್ದರಿಂದ ಚಿತ್ರ ಬಿಟ್ಟು ಎರಡು ಹಾಳೆ ಕೇಳಿ. ಒಂದು, ಸುತ್ತಲಿನ ರಸ್ತೆಯೂ ಸೇರಿದ ನೆಲಮಹಡಿಯ ನಕ್ಷೆ. ಎರಡು, ಎದುರಿನ ಕಟ್ಟಡದಿಂದ ಶುರುವಾಗಿ ರಸ್ತೆ ದಾಟಿ ಹೊಸ ಕಟ್ಟಡದ ಹಿಂಭಾಗದವರೆಗೆ ಕತ್ತರಿಸಿ ತೋರಿಸುವ ಸೆಕ್ಷನ್. ಈ ಎರಡನ್ನು ಕೊಡಲು ಹಿಂದೇಟು ಹಾಕಿದರೆ ಅವು ಇನ್ನೂ ತಯಾರಾಗಿಲ್ಲ ಎಂದು ತಿಳಿಯಿರಿ. ‘ತಯಾರಾದ ಮೇಲೆ ಮತ್ತೆ ಅಭಿಪ್ರಾಯ ಕೇಳಬೇಕು’ ಎಂಬುದೇ ನಿಮ್ಮ ಮೊದಲ ಬೇಡಿಕೆಯಾಗಲಿ.

ನೆಲಮಹಡಿಯ ನಕ್ಷೆಯಲ್ಲಿ ಇಳಿಜಾರುಗಳನ್ನು ಸ್ಕೇಲಿಟ್ಟು ಅಳೆಯಿರಿ. 1:100ರ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಒಂದು ಮೀಟರ್. ಗಾಲಿಕುರ್ಚಿಯ ಇಳಿಜಾರು 1:12 ಇರಬೇಕು, ಅಂದರೆ ಕಟ್ಟೆ 60 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 7.2 ಮೀಟರ್ ಉದ್ದ, ಅದರ ಮೇಲೂ ಕೆಳಗೂ ಗಾಲಿಕುರ್ಚಿ ತಿರುಗುವಷ್ಟು ಸಮತಟ್ಟು ಜಾಗ. ನಕ್ಷೆಯಲ್ಲಿ ಬಾಗಿಲ ಪಕ್ಕ ಮೂರು ಮೀಟರಿನ ಪುಟ್ಟ ಬಾಣದ ಗುರುತು ಹಾಕಿ ‘ರ‍್ಯಾಂಪ್’ ಎಂದು ಬರೆದಿದ್ದರೆ ಅದರ ಮೇಲೆ ಒಬ್ಬರೇ ಗಾಲಿಕುರ್ಚಿ ತಳ್ಳಿಕೊಂಡು ಹತ್ತಲಾಗದು. ನೆಲಮಾಳಿಗೆಗೆ ಇಳಿಯುವ ಕಾರಿನ ದಾರಿಯೂ ಹೀಗೆಯೇ. 1:8ರಂತೆ 3 ಮೀಟರ್ ಇಳಿಯಲು 24 ಮೀಟರ್ ಬೇಕು. ಜಾಗ ಸಾಲದಾಗ ಇಳಿಜಾರನ್ನು ಫುಟ್‌ಪಾತಿನ ಅಂಚಿನಿಂದಲೇ ಶುರು ಮಾಡುತ್ತಾರೆ. ಆಗ ಮೇಲೆ ಬರುವ ಚಾಲಕನಿಗೆ ನಡೆದು ಹೋಗುವವರು ಕಾಣುವುದಿಲ್ಲ, ಮಳೆ ನೀರು ನೇರ ಒಳಗೆ ಇಳಿಯುತ್ತದೆ. ಇಳಿಜಾರಿಗೆ ಮೊದಲು ಒಂದು ಕಾರು ನಿಲ್ಲುವಷ್ಟು ಸಮತಟ್ಟು ಜಾಗ, ಅಡ್ಡಲಾಗಿ ಜಾಲರಿ ಹಾಕಿದ ಚರಂಡಿ, ಎರಡೂ ಇವೆಯೇ ನೋಡಿ.

ಹೂವು, ಸೊಪ್ಪು ಮಾರುವವರು ಬೆಳಗಿನ ಜಾವ ಗಾಡಿ ಎಲ್ಲಿ ಇಳಿಸುತ್ತಾರೆ ಎಂದು ಅವರನ್ನೇ ಕರೆದುಕೊಂಡು ಹೋಗಿ ಕೇಳಿಸಿ. ಪಶ್ಚಿಮದ ಗೋಡೆಗೆ ಪೂರ್ತಿ ಗಾಜು ಹಾಕಿದ್ದರೆ ಮಧ್ಯಾಹ್ನ ಮೂರರ ನಂತರ ಒಳಗಿನ ಅಂಗಡಿಯವರು ಏನು ಮಾಡಬೇಕು ಎಂದೂ ಕೇಳಿ. ಬಣ್ಣ, ಕಮಾನು, ಗೋಪುರದ ಬಗ್ಗೆ ಹೇಳುವುದಿದ್ದರೆ ಕೊನೆಗೆ ಹೇಳಿ.

ಪ್ರಶ್ನೆ: ವಸತಿ ವಲಯದ ಜಾಗವೊಂದನ್ನು ವಾಣಿಜ್ಯಕ್ಕೆ ಬದಲಿಸುವ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದೆ. ಸಂಘದವರು ಒಂದೇ ಆಕ್ಷೇಪಣೆಗೆ 400 ಜನರ ಸಹಿ ಹಾಕಿಸುತ್ತಿದ್ದಾರೆ. ಪ್ರಯೋಜನವಾದೀತೇ?
— ಓದುಗರು, ತುಮಕೂರು

ಉತ್ತರ: 400 ಸಹಿಯ ಒಂದು ಪತ್ರ ಕಡತದಲ್ಲಿ ಒಂದೇ ಆಕ್ಷೇಪಣೆಯಾಗಿ ಕೂರಬಹುದು. ಅದರ ಬದಲು ಹತ್ತು ಜನ ಹತ್ತು ಬೇರೆ ಕಾರಣ ಹಿಡಿದು ಬರೆಯುವುದು ಮೇಲು. ಒಬ್ಬರು ರಸ್ತೆಯ ಅಗಲ, ಒಬ್ಬರು ಒಳಚರಂಡಿ, ಒಬ್ಬರು ಪಕ್ಕದ ಶಾಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14–ಎ ಕಲಂ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪ್ರಸ್ತಾವವನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಸರ್ವೆ ನಂಬರ್ ಬಿಟ್ಟರೆ ಬೇರೆ ಗುರುತು ಇರುವುದಿಲ್ಲ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಆ ನಂಬರ್ ಹುಡುಕಿ, ಅದು ಯಾವ ಜಾಗ ಎಂದು ನಿಂತು ನೋಡಿ ಬನ್ನಿ. ಪತ್ರ ಹೀಗಿರಲಿ:

‘ಸರ್ವೆ ನಂಬರ್ ಇಂಥದ್ದರ ಮುಂದಿನ ರಸ್ತೆಯನ್ನು ಮೂರು ಕಡೆ ಅಳೆದಿದ್ದೇವೆ: 5.8, 6.1, 5.6 ಮೀಟರ್. ಮಹಾಯೋಜನೆಯಲ್ಲಿ ಇದನ್ನು 9 ಮೀಟರ್ ಎಂದು ತೋರಿಸಲಾಗಿದೆ. ವಾಣಿಜ್ಯಕ್ಕೆ ಬೇಕಾದ ರಸ್ತೆ ಅಗಲ ಇಲ್ಲಿಲ್ಲ. ಫೋಟೋ ಲಗತ್ತಿಸಿದೆ. ನನ್ನನ್ನು ಖುದ್ದು ವಿಚಾರಣೆಗೆ ಕರೆಯಬೇಕು.’

ಕೊನೆಯ ವಾಕ್ಯ ಮರೆಯಬೇಡಿ. ದೆಹಲಿಯ ಸೆಂಟ್ರಲ್ ವಿಸ್ತಾ ಯೋಜನೆಯಲ್ಲಿ 2019ರ ಡಿಸೆಂಬರ್‌ನಲ್ಲಿ ಭೂ ಉಪಯೋಗ ಬದಲಾವಣೆಯ ಪ್ರಕಟಣೆ ಬಂದಾಗ 1,292 ಆಕ್ಷೇಪಣೆ, ಸಲಹೆಗಳು ಬಂದವು. ವಿಚಾರಣೆ ನಡೆದದ್ದು 2020ರ ಫೆಬ್ರುವರಿ 6 ಮತ್ತು 7, ಎರಡು ದಿನ. ಮಾರ್ಚ್ 20ಕ್ಕೆ ಬದಲಾವಣೆಯ ಅಂತಿಮ ಅಧಿಸೂಚನೆಯೇ ಹೊರಬಿತ್ತು. 2021ರ ಜನವರಿ 5ರಂದು ಸುಪ್ರೀಂ ಕೋರ್ಟಿನ ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸಂಜೀವ್ ಖನ್ನಾ, ಸಾಕಷ್ಟು ಮಾಹಿತಿಯನ್ನೇ ಜನರ ಮುಂದಿಡದೆ ಕೇಳುವ ಅಭಿಪ್ರಾಯ ಅರ್ಥಪೂರ್ಣವಾಗದು ಎಂಬ ನಿಲುವು ತಳೆದರು. ಭಿನ್ನ ತೀರ್ಪು ಕಾನೂನಾಗುವುದಿಲ್ಲ, ನಿಜ. ಆದರೂ ಪ್ರಸ್ತಾವದ ನಕ್ಷೆ, ವರದಿಗಳನ್ನು ಮೊದಲು ಕೊಡಿ ಎಂದು ಕೇಳುವವರು ಓದಲೇಬೇಕಾದ ಬರಹ ಅದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎದುರು ಏಳು ಮಹಡಿ ಬರಲಿದೆ ಎಂದು ಬೋರ್ಡು ಹಾಕಿ, ವಿನ್ಯಾಸ ವಿಮರ್ಶೆಯ ಸಭೆಗೆ ಕರೆದಿದ್ದಾರೆ. ಪಾರ್ಕಿಂಗ್ ಸಮಸ್ಯೆ ಹೇಳಬೇಕೆಂದಿದ್ದೇನೆ.
— ಓದುಗರು, ಸಿಯಾಟಲ್

ಉತ್ತರ: ಆ ಸಭೆಯಲ್ಲಿ ಪಾರ್ಕಿಂಗ್, ಟ್ರಾಫಿಕ್ ಮಾತು ಎತ್ತಿದರೆ ‘ನಮ್ಮ ವ್ಯಾಪ್ತಿಯಲ್ಲಿಲ್ಲ’ ಎನ್ನುತ್ತಾರೆ. ಅದನ್ನು ಪ್ರಾಜೆಕ್ಟಿನ ಯೋಜಕರಿಗೆ ಬೇರೆ ಪತ್ರದಲ್ಲಿ ಕೊಡಿ. 1994ರಲ್ಲಿ ಶುರುವಾದ ಸಿಯಾಟಲಿನ ಈ ಪದ್ಧತಿಯಲ್ಲಿ ಎರಡು ಹಂತ. ಮೊದಲನೆಯದು ‘ಅರ್ಲಿ ಡಿಸೈನ್ ಗೈಡೆನ್ಸ್’. ಅಲ್ಲಿ ಕಟ್ಟಡದ ಒಟ್ಟು ಗಾತ್ರವನ್ನು ಮೂರು ಬಗೆಯಲ್ಲಿ ತೋರಿಸುತ್ತಾರೆ. ನಿಮ್ಮ ಮಾತಿಗೆ ತೂಕ ಇರುವುದು ಇಲ್ಲಿ, ಏಕೆಂದರೆ ಒಂದು ಮೂಲೆಯನ್ನು ಹಿಂದಕ್ಕೆ ಸರಿಸಲು ಈಗ ಒಂದು ಗೆರೆ ತಿದ್ದಿದರೆ ಸಾಕು. ಎರಡನೇ ಹಂತಕ್ಕೆ ಬರುವಷ್ಟರಲ್ಲಿ ಪಿಲ್ಲರು, ಲಿಫ್ಟು, ಮೆಟ್ಟಿಲು ಎಲ್ಲ ಕೂತಿರುತ್ತವೆ. ಉಳಿಯುವುದು ಇಟ್ಟಿಗೆ, ಕಿಟಕಿ, ಗಿಡ.

ಮೂರರಲ್ಲಿ ಯಾವುದು ನಿಯಮಕ್ಕೆ ಪೂರ್ತಿ ಹೊಂದುತ್ತದೆ, ಯಾವುದು ವಿನಾಯಿತಿ, ಅವರ ಮಾತಿನಲ್ಲಿ ‘ಡಿಪಾರ್ಚರ್’, ಕೇಳುತ್ತದೆ ಎಂದು ಮೊದಲೇ ಓದಿಕೊಂಡು ಹೋಗಿ. ವಿನಾಯಿತಿ ಕೇಳಿದ ಕಡೆಯೇ ವಿನ್ಯಾಸ ವಿಮರ್ಶಾ ಮಂಡಳಿಗೆ ಹಿಡಿತ ಇರುವುದು. ಮಾತಾಡಲು ಸಿಗುವುದು ಒಂದೆರಡು ನಿಮಿಷ. ಮಾರ್ಗಸೂಚಿಯ ಸಂಖ್ಯೆ ಹೇಳಿ: ಗಾತ್ರ ಮತ್ತು ನೆರೆಹೊರೆಯ ಹೊಂದಿಕೆಗೆ ಸಿಎಸ್2, ಬಾಗಿಲು ಮತ್ತು ರಸ್ತೆಯ ಸಂಬಂಧಕ್ಕೆ ಪಿಎಲ್3. ನೆರಳಿನ ಮಾತು ನಿಮ್ಮಲ್ಲಿ ದಾವಣಗೆರೆಗಿಂತ ಬಹಳ ಗಂಭೀರ. ಡಿಸೆಂಬರಿನಲ್ಲಿ ಸೂರ್ಯ 19 ಡಿಗ್ರಿಗಿಂತ ಮೇಲೆ ಬರುವುದಿಲ್ಲ, 15 ಮೀಟರಿನ ಕಟ್ಟಡ 44 ಮೀಟರಿನಷ್ಟು ನೆರಳು ಹಾಕುತ್ತದೆ. ಒಂದು ಎಚ್ಚರಿಕೆ: 2023ರ ವಾಷಿಂಗ್ಟನ್ ರಾಜ್ಯದ ಕಾನೂನು ಇಂಥ ವಿಮರ್ಶೆಗೆ ಒಂದಕ್ಕಿಂತ ಹೆಚ್ಚು ಸಾರ್ವಜನಿಕ ಸಭೆ ಬೇಡ, ಮಾನದಂಡಗಳು ಸ್ಪಷ್ಟವಾಗಿ ಅಳೆಯುವಂತಿರಬೇಕು ಎಂದಿದೆ. ನಿಮ್ಮ ಎದುರಿನ ಕಟ್ಟಡಕ್ಕೆ ಎಷ್ಟು ಸಭೆ ಉಳಿದಿದೆ ಎಂದು ಯೋಜಕರಿಗೆ ಇಮೇಲ್ ಬರೆದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಪಕ್ಕದವರು ಹಿಂದುಗಡೆ ಎರಡು ಅಂತಸ್ತು ಸೇರಿಸುತ್ತಿದ್ದಾರೆ. ನಮ್ಮ ಮನೆಯ ಬೆಲೆ ಇಳಿಯುತ್ತದೆ ಎಂದು ಕೌನ್ಸಿಲಿಗೆ ಬರೆಯಬಹುದೇ?
— ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಬರೆದರೂ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮನೆ ಬೆಲೆ, ಕಿಟಕಿಯಿಂದ ಕಾಣುತ್ತಿದ್ದ ನೋಟ, ಎರಡೂ ಅಲ್ಲಿ ಯೋಜನಾ ಕಾರಣಗಳಲ್ಲ. ಬೆಳಕು ತಗ್ಗುವುದು, ಅವರ ಕಿಟಕಿಯಿಂದ ನಿಮ್ಮ ಕೋಣೆಯೊಳಗೆ ಕಾಣುವುದು, ಕಟ್ಟಡದ ಗಾತ್ರ ಇವು ಕಾರಣಗಳು. ನಿಮ್ಮ ಹತ್ತಿರದ ಕಿಟಕಿಯ ನಡುವಿನಿಂದ ನಕ್ಷೆಯ ಮೇಲೆ 45 ಡಿಗ್ರಿ ಗೆರೆ ಎಳೆಯಿರಿ. ಹೊಸ ಗೋಡೆ ಆ ಗೆರೆಯನ್ನು ದಾಟಿದರೆ ಆ ಹಾಳೆಯನ್ನೇ ಲಗತ್ತಿಸಿ. ಅಭಿಪ್ರಾಯ ಕೊಡಲು ಸಾಮಾನ್ಯವಾಗಿ 21 ದಿನ. ನಿಮಗೆ ಬಂದ ಪತ್ರದ ದಿನಾಂಕ ನೋಡಿಕೊಳ್ಳಿ.