ಉ: ‘ಕೃತಕ ಜೀವಕೋಶ’ ಪ್ರಾಜೆಕ್ಟನ್ನು ಕಾಲೇಜು ಸಮಿತಿ ವಾಪಸ್ ಕಳಿಸಿದೆ, ಏನು ಮಾಡಲಿ?
‘ಇದು ಲ್ಯಾಬಿನಿಂದ ಹೊರಗೆ ಹೋದರೆ ಏನು ಗತಿ?’ ಅಂತ ಸಮಿತಿ ಕೇಳಿರುವುದಕ್ಕೆ ಕಾರಣ ಬಹುಶಃ ನಿಮ್ಮ ಶೀರ್ಷಿಕೆಯೇ. ‘ಕೃತಕ ಜೀವ’ ಎಂದರೆ ಅವರಿಗೆ ನೆನಪಾಗುವುದು 2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡ ಲ್ಯಾಬಿನಲ್ಲಿ ಹೆಣೆದ ಜೀನೋಮ್ (ಒಂದು ಜೀವಿಯ ಪೂರ್ತಿ ಡಿಎನ್‌ಎ) ಹಾಕಿ ಬೆಳೆಸಿದ ಬ್ಯಾಕ್ಟೀರಿಯಾ. ಅದು ತಾನಾಗಿಯೇ ಎರಡಾಗುತ್ತಿತ್ತು. ನಿಮ್ಮದು ಬರೀ ಲಿಪಿಡ್ ಗುಳ್ಳೆ, ಅಂದರೆ ಕೊಬ್ಬಿನಂಥ ಅಣುಗಳ ಪೊರೆಯ ಗುಳ್ಳೆ, ಅಲ್ವಾ?

ಮೊದಲು ಶೀರ್ಷಿಕೆ ಬದಲಿಸಿ. ‘ಇದು ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ’ ಎಂದು ಮೊದಲ ಪುಟದಲ್ಲೇ ಬರೆಯಿರಿ. ಒಳಗೆ ಸಕ್ಕರೆ ನೀರಿರುವ ಗುಳ್ಳೆಯನ್ನು ಬರೀ ನೀರಿಗೆ ಬಿಟ್ಟರೆ ಉಬ್ಬಿ ಒಡೆಯುತ್ತದೆ. ಆ ಫೋಟೊ ಅಂಟಿಸಿ. ನನ್ನ ಅರ್ಜಿ ಪಾಸಾಗಿದ್ದು ಅದರಿಂದಲೇ ಇರಬೇಕು.

ಆಮೇಲೆ ಗುಳ್ಳೆಯೊಳಗೆ ಡಿಎನ್‌ಎ ಹಾಕುವುದಿದ್ದರೆ ಅದು ಯಾವುದು, ಎಲ್ಲಿಂದ ತಂದಿದ್ದು ಎಂಬ ಪಟ್ಟಿಯನ್ನು ಜೈವಿಕ ಸುರಕ್ಷತಾ ಸಮಿತಿಗೆ ಕೊಡಿ. ಕಾಲೇಜಲ್ಲಿ ಅದಿಲ್ಲವಾದರೆ, ಅದಿರುವ ಬೆಂಗಳೂರಿನ ಬೇರೆ ಲ್ಯಾಬ್ ಜೊತೆ ಸೇರಿಕೊಳ್ಳಿ. ‘ಕ್ಯಾನ್ಸರ್ ವಾಸಿಯಾಗುತ್ತೆ’ ಅಂತ ಸುಮ್ನೆ ಬರೆಯಬೇಡಿ, ಪ್ರಶ್ನೆ ಜಾಸ್ತಿಯಾಗುತ್ತವೆ.