ಬೀದರ್‌ನಲ್ಲಿ ಈ ಸಲ ಚಳಿಯೇ ಇಲ್ಲವಲ್ಲ, ಇನ್ನಾದರೂ ಬರುತ್ತಾ?

ಮೋಡ ಸರಿದರೆ ಬರುತ್ತದೆ. ಸಂಕ್ರಾಂತಿ ಇನ್ನೂ ಮುಂದಿದೆ, ಆಸೆ ಬಿಡಬೇಡಿ.

ನಮ್ಮ ಕಡೆ ಚಳಿ ತರೋದು ಉತ್ತರದ ಒಣಗಾಳಿ. ಆಕಾಶ ತಿಳಿಯಾಗಿದ್ದರೆ ಹಗಲು ಕಾದ ನೆಲ ರಾತ್ರಿ ಬೇಗ ತಣ್ಣಗಾಗುತ್ತದೆ. ಬೀದರ್ ಎತ್ತರದಲ್ಲೂ ಇದೆ, ಹಾಗಾಗಿ ಕಲಬುರಗಿಗಿಂತ ಇಲ್ಲಿ ಚಳಿ ಜಾಸ್ತಿ. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಪೂರ್ವದ ಗಾಳಿ ತೇವ ಹೊತ್ತು ತರುತ್ತದೆ, ಮೋಡ ಕಂಬಳಿ ಹೊದಿಸಿದ ಹಾಗೆ ನಿಂತು ನೆಲದ ಬಿಸಿಯನ್ನು ಮೇಲೆ ಹೋಗಲು ಬಿಡೋದಿಲ್ಲ, ಆಗ ರಾತ್ರಿಯೂ ಬೆಚ್ಚಗೇ ಇರುತ್ತದೆ.

ಸ್ವೆಟರ್ ಬೇಡ ಅಂತ ಖುಷಿಪಡೋರು ಇದ್ದಾರೆ, ನನಗೆ ಮಾತ್ರ ಕಡಲೆಯದೇ ಚಿಂತೆ. ಅದಕ್ಕೆ ಚಳಿ ಬೇಕೇ ಬೇಕು. ಬಿಸಿ ಜಾಸ್ತಿಯಾದರೆ ಬೆಳೆ ಬೇಗ ಮಾಗಿ ಕಾಳು ಸಣ್ಣದಾಗುತ್ತದೆ, ಮೋಡ ಇದ್ದರೆ ಕಾಯಿಕೊರಕ ಹುಳುವಿನ ಕಾಟ ಬೇರೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗ್ತೀರಲ್ವಾ, ಆಗ ಗಿಡಗಳನ್ನೂ ಬಗ್ಗಿ ನೋಡಿ. ಹುಳು ಕಂಡರೆ ತಡ ಮಾಡದೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಅಂದಹಾಗೆ, ಒಂದು ಬೆಳಗ್ಗೆ ನಡುಗಿದರೆ ಅದು ಶೀತಗಾಳಿ ಅಲ್ಲ. ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಸಾಮಾನ್ಯವಾಗಿ ಹಾಗೆ ಕರೆಯೋದು ಕನಿಷ್ಠ ತಾಪಮಾನ 10 ಡಿಗ್ರಿಗೋ ಅದಕ್ಕಿಂತ ಕೆಳಗೋ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದಾಗ.